ಎಂ-ಹೆಲ್ತ್ ಅಂದ್ರ ಏನು? ಸಾಲ್ಯಾಗ ಅದರ ಕೆಲಸ ಏನು?

ಎಂ-ಹೆಲ್ತ್ ಅನ್ನೋದ್ರಾಗಿನ 'ಎಂ' ಅಂದ್ರ ಮೊಬೈಲು. ಫೋನು, ಟ್ಯಾಬು, ಮೆಸೇಜು, ಆ್ಯಪು ಇವುಗಳಿಂದ ಆರೋಗ್ಯದ ಮಾಹಿತಿ ಇಲ್ಲಾ ಸೇವಾ ಮುಟ್ಟಸೋದಕ್ಕ ಈ ಹೆಸರು. ಸಾಲಿ ಮಟ್ಟಿಗೆ ಹೇಳಬೇಕಂದ್ರ ಹದಿಹರೆಯದ ಪಾಠ ಆ್ಯಪ್‌ನಿಂದ ಕಲಸೋದು. ಹದಿಹರೆಯ ಅಂದ್ರ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಾಗ 10ರಿಂದ 19 ವರ್ಷ.

ಕೇಂದ್ರ ಸರ್ಕಾರ 2014ರಾಗ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರು ಮಾಡ್ತು, ಅದರ ಕೆಳಗ 'ಸಾಥಿಯಾ ಸಲಾಹ್' ಅನ್ನೋ ಆ್ಯಪ್ ಬಂತು, ನಮ್ಮ ರಾಜ್ಯದಾಗ ಹದಿಹರೆಯದವರಿಗೆ ಸಲಹಾ ಕೊಡೋ ಸ್ನೇಹ ಕ್ಲಿನಿಕ್ಕೂ ಅದ ಕಾರ್ಯಕ್ರಮದ್ದು.

ಆ್ಯಪ್ ಯಾಕ ಬೇಕು ಅಂದ್ರ ನಾಚಿಕಿ. ಮುಟ್ಟಿನ ಪಾಠ ಬಂದ ಕೂಡಲೇ 'ಇದನ್ನ ಮನ್ಯಾಗ ಓದ್ಕೋರಿ' ಅಂತ ಮುಂದಿನ ಪಾಠಕ್ಕ ಹೋಗೋ ಸರ್ ಎಲ್ಲಾ ಕಡೆ ಅದಾರ, ಮನ್ಯಾಗ ಅವ್ವನೂ ಹೇಳಂಗಿಲ್ಲ, ಗಂಡ ಹುಡುಗ್ರಿಗಂತೂ ದನಿ ಒಡದಾಗ, ನಿದ್ದಿ ಒಳಗ ಚಡ್ಡಿ ಹಸಿ ಆದಾಗ ಕೇಳಾಕ ಒಬ್ರೂ ಇಲ್ಲ. ಆ್ಯಪ್ ಮುಂದ ಯಾರೂ ತಲಿ ತಗ್ಗಸಬೇಕಾಗಿಲ್ಲ.

ಆದ್ರ ನಮ್ಮ ಹಾವೇರಿ, ಗದಗ ಕಡೆ ಹಳ್ಳ್ಯಾಗ ಆ 'ಎಂ' ಯಾರ ಕಿಸೆದಾಗ ಐತಿ ನೋಡ್ರಿ. ಅಪ್ಪಂದು, ಇಲ್ಲಾ ಅಣ್ಣಂದು. ಹುಡುಗಿ ಏನ್ ಹುಡುಕಿದ್ಲು ಅನ್ನೋದು ಸಂಜಿಗೆ ಅಣ್ಣಗ ಕಾಣತೈತಿ.

ಇನ್ನ ಭಾಷಾ. ಆ್ಯಪ್ 'ಋತುಸ್ರಾವ' ಅಂತೈತಿ, ನಮ್ಮ ಹುಡುಗ್ಯಾರು 'ದೊಡ್ಡಾಕಿ ಆದ್ಲು', 'ಹೊರಗ ಕುಂತಾಳ' ಅಂತಾರ. ಅಕ್ಕನ ಮಗಳು ಎಂಟನೇತ್ತಾ ಇದ್ದಾಗ ಮುಟ್ಟಿನ ತಾರೀಖು ಲೆಕ್ಕ ಹಾಕೋ ಒಂದು ಆ್ಯಪ್ 28 ದಿನಕ್ಕೊಮ್ಮೆ ಅಂತ ಹಿಡದು 'ಲೇಟ್' ಅಂತ ತೋರಸ್ತು, ಎರಡ ದಿನ ಊಟ ಬಿಟ್ಟು ಕುಂತಿದ್ಲು ಪಾಪ. ಶುರುವಿನ ಒಂದೆರಡ ವರ್ಷ 21ರಿಂದ 45 ದಿನದ ಅಂತರ ಸಹಜ ಅಂತ ಆಕಿಗೆ ಹೇಳಿದಾಕಿ ಸಾಲಿ ಟೀಚರ್.

ಅದಕ್ಕ ನನಗ ಅನಸೋದು, ಆ್ಯಪ್ ಟೀಚರ್ ಕೈಯಾಗ ಇರಬೇಕು. 2020ರಾಗ ಬಂದ ಆಯುಷ್ಮಾನ್ ಭಾರತ ಶಾಲಾ ಆರೋಗ್ಯ ಕಾರ್ಯಕ್ರಮದಾಗ ಸಾಲಿಗೆ ಇಬ್ಬರು, ಒಬ್ಬ ಸರ್ ಒಬ್ಬ ಟೀಚರ್, ಆರೋಗ್ಯದ ಪಾಠಕ್ಕಂತ ತಯಾರಾಗಬೇಕು ಅಂತ ಐತಿ. ಅವರು ವಿಡಿಯೋ ಎಲ್ಲಾರಿಗೂ ತೋರಿಸಿ, ಮಕ್ಕಳ ಕಡಿಂದ ಹೆಸರಿಲ್ಲದ ಚೀಟಿ ಬರಸ್ಕೊಂಡು, ಆ ಚೀಟಿಗೆ ನಮ್ಮ ಮಾತನ್ಯಾಗ ಉತ್ತರ ಹೇಳಿದ್ರ ಫೋನ್ ಇಲ್ಲದ ಹುಡುಗಿಗೂ ಉತ್ತರ ಸಿಕ್ಕಂಗ.