ಮಂಡಕ್ಕಿ ಹಗುರ, ಯಾವ ತಕ್ಕಡಿಯಲ್ಲಿ?

"ಅನ್ನ ಬಿಟ್ಟು ಮೂರು ತಿಂಗ್ಳಾತು ನೋಡಪ್ಪಾ. ರಾತ್ರಿಗೆ ಬರೇ ಮಂಡಕ್ಕಿ. ಆದ್ರೂ ಶುಗರ್ ಇಳಿವಲ್ದು" ಎಂದರು ದೊಡ್ಡಪ್ಪ. ಮುಂದೆ ದೊಡ್ಡ ಬೋಗುಣಿ ತುಂಬ ಖಾರ ಮಂಡಕ್ಕಿ. ದಾವಣಗೆರೆಯಲ್ಲಿ ಹುಟ್ಟಿದವನು ಮಂಡಕ್ಕಿಯ ವಿರುದ್ಧ ಮಾತಾಡಬಾರದು, ಗೊತ್ತು. ಆದರೆ ಈ "ಹಗುರ ಆಹಾರ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ.

ಮಂಡಕ್ಕಿ ಕೈಗೆ ಹಗುರ, ನಿಜ. ಅದರಲ್ಲಿರುವುದು ಬಹುಪಾಲು ಗಾಳಿ. ನಾವು ಅಳೆಯುವುದು ಸೇರಿನಲ್ಲಿ, ದೇಹ ಲೆಕ್ಕ ಹಾಕುವುದು ಗ್ರಾಂನಲ್ಲಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕಿಲೋಕ್ಯಾಲೊರಿ ಇದ್ದರೆ, 100 ಗ್ರಾಂ ಮಂಡಕ್ಕಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಅದೇ ತೂಕದ ಅನ್ನದಲ್ಲಿ ಸುಮಾರು 130, ಯಾಕೆಂದರೆ ಅನ್ನದ ಮೂರರಲ್ಲಿ ಎರಡು ಪಾಲು ನೀರು. ತಕ್ಕಡಿಗೆ ಹಾಕಿದರೆ ದೊಡ್ಡಪ್ಪ ಬಿಟ್ಟ ಅನ್ನವೇ ಹಗುರ!

ಇದಕ್ಕಿಂತ ಸ್ವಾರಸ್ಯ ಇರುವುದು ವೇಗದಲ್ಲಿ. ಅಕ್ಕಿಕಾಳಿನ ಪಿಷ್ಟ ಅಂದರೆ ಗ್ಲೂಕೋಸಿನ ಉದ್ದುದ್ದ ಸರಪಳಿಗಳು. ಹಸಿ ಕಾಳಿನಲ್ಲಿ ಅವು ಪ್ರೆಸ್ಸಿನಲ್ಲಿ ಒತ್ತಿ ಕಟ್ಟಿದ ಹತ್ತಿ ಅಂಡಿಗೆಯ ಹಾಗೆ ಬಿಗಿಯಾಗಿ ಕೂತಿರುತ್ತವೆ. ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ ಚಿತ್ರದುರ್ಗದ ಏಳು ಸುತ್ತಿನ ಕೋಟೆ. ಸರಪಳಿ ಕತ್ತರಿಸುವ ಅಮೈಲೇಸ್ ಕಿಣ್ವ ಓಬವ್ವನ ಕಿಂಡಿಯಲ್ಲಿ ನುಸುಳಿದಂತೆ ಒಂದೊಂದಾಗಿ ನುಗ್ಗಬೇಕು. ಬೇಯಿಸಿದಾಗ ಪಿಷ್ಟ ನೀರು ಕುಡಿದು ಉಬ್ಬಿ, ಕೋಟೆಯ ಬಾಗಿಲು ತೆರೆಯುತ್ತದೆ. ಆದರೂ ಅಗುಳು ಒತ್ತೊತ್ತಾಗಿಯೇ ಇರುತ್ತದೆ.

ಈಗ ಮಂಡಕ್ಕಿ ಹುರಿಯುವ ಭಟ್ಟಿಗೆ ಬನ್ನಿ. ಭತ್ತವನ್ನು ಮೊದಲೇ ನೆನೆಸಿ ಬೇಯಿಸಿರುವುದರಿಂದ ಪಿಷ್ಟ ಅರ್ಧ ಸೋತಿರುತ್ತದೆ. ಆ ಅಕ್ಕಿಯನ್ನು ಕಾದ ಮರಳಿಗೆ ಸುರಿದರೆ ಒಳಗಿನ ತೇವ ಕ್ಷಣದಲ್ಲಿ ಆವಿ. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ, ಕಾಳಿನೊಳಗೆ ಅಷ್ಟು ಜಾಗವೆಲ್ಲಿದೆ? ಪಿಷ್ಟದ ಗೋಡೆಗಳು ಬಲೂನಿನಂತೆ ಹಿಗ್ಗಿ, ಹಾಗೆಯೇ ಒಣಗಿ ನಿಲ್ಲುತ್ತವೆ. ಕೋಟೆ ಹೋಗಿ ಜೇನುಹುಟ್ಟು ಬಂತು. ಅಂಡಿಗೆ ಬಿಚ್ಚಿ ಅರಳೆ ಹಿಂಜಿದ ಹಾಗಾಯಿತು. ಇನ್ನು ಕಿಂಡಿಯ ಮಾತೇ ಇಲ್ಲ, ಕಿಣ್ವದ ದಂಡು ಎಲ್ಲ ಕಡೆಯಿಂದಲೂ ಒಳಕ್ಕೆ. ನಾಲ್ಕು ಕಾಳು ಬಾಯಲ್ಲಿಟ್ಟು ಸುಮ್ಮನೆ ಅಗಿಯುತ್ತಿರಿ, ಸ್ವಲ್ಪ ಹೊತ್ತಿಗೆ ಸಿಹಿಯಾಗುತ್ತದೆ. ಎಂಜಲಿನಲ್ಲೇ ಅಮೈಲೇಸ್ ಇದೆಯಲ್ಲ!

ನಮ್ಮ ಭಟ್ಟಿಯವರು ತಲೆಮಾರುಗಳಿಂದ ಮರಳಿನಲ್ಲಿ ಮಾಡುತ್ತಿದ್ದುದನ್ನು ಅಮೆರಿಕದ ಸಸ್ಯವಿಜ್ಞಾನಿ ಅಲೆಕ್ಸಾಂಡರ್ ಆಂಡರ್ಸನ್ 1901ರಲ್ಲಿ ಗಾಜಿನ ನಳಿಕೆಯಲ್ಲಿ ಪಿಷ್ಟ ಕಾಯಿಸಿ, ನಳಿಕೆ ಒಡೆದು ಕಂಡುಕೊಂಡ. 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ ಫಿರಂಗಿಯಿಂದ ಮಂಡಕ್ಕಿ ಹಾರಿಸಿ ಜನರನ್ನು ಬೆರಗುಗೊಳಿಸಿದರು. ಫಿರಂಗಿ! ನಮ್ಮಲ್ಲಿ ಒಂದು ಬಾಣಲೆ, ಒಂದು ಪೊರಕೆ ಸಾಕು.

ಊಟದ ನಂತರ ರಕ್ತದ ಸಕ್ಕರೆ ಎಷ್ಟು ಏರುತ್ತದೆ ಎಂದು ಹೋಲಿಸುವ ಗ್ಲೈಸೀಮಿಕ್ ಸೂಚ್ಯಂಕವನ್ನು 1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಮುಂದಿಟ್ಟರು. ಶುದ್ಧ ಗ್ಲೂಕೋಸಿಗೆ 100. 55ರೊಳಗೆ ಇದ್ದರೆ ಕಡಿಮೆ, 70 ದಾಟಿದರೆ ಹೆಚ್ಚು. ಮಂಡಕ್ಕಿ ಈ ಹೆಚ್ಚಿನವರ ಸಾಲಿನಲ್ಲಿದೆ. ಹಾಗಂತ ಒಂದು ಮುಷ್ಟಿ ತಿಂದರೆ ಏನೂ ಆಗದು, ಅದರಲ್ಲಿ ಪಿಷ್ಟವೇ ನಾಲ್ಕಾರು ಗ್ರಾಂ. ತೊಂದರೆ ಬೋಗುಣಿಯದ್ದು.

ಇಷ್ಟನ್ನೂ ದೊಡ್ಡಪ್ಪನಿಗೆ ಹೇಳಿದೆ. ಮಂಡಕ್ಕಿ ಅರ್ಧಕ್ಕಿಳಿಸಿ, ಚಳ್ಳಕೆರೆ ಕಡೆಯ ಶೇಂಗಾ, ಪುಟಾಣಿ, ಹೆಚ್ಚಿದ ಸೌತೆಕಾಯಿ ಬೆರೆಸಿಕೊಳ್ಳಿ. ಪ್ರೋಟೀನು, ನಾರು, ಕೊಬ್ಬು ಸೇರಿದರೆ ಹೊಟ್ಟೆ ನಿಧಾನಕ್ಕೆ ಖಾಲಿಯಾಗುತ್ತದೆ, ಸಕ್ಕರೆಯೂ ನಿಧಾನಕ್ಕೆ ಏರುತ್ತದೆ ಎಂದೆ.

ಅವರ ಕಣ್ಣು ಅರಳಿತು. "ಕೊಬ್ಬು ಅಂದ್ರೆ ಎಣ್ಣೆನೂ ಬಂತಲ್ಲ?"

"ಬಂತು, ಆದ್ರೆ ಒಂದು ಗ್ರಾಂ ಎಣ್ಣೆಗೆ 9 ಕಿಲೋಕ್ಯಾಲೊರಿ, ದೊಡ್ಡಪ್ಪ..."

ಅಷ್ಟರಲ್ಲಿ ಅವರು ಒಳಗೆ ಕೂಗಿಯಾಗಿತ್ತು: "ಲೇ, ಕೇಳಿದ್ಯಾ? ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿನೂ ತಿನ್ಬೇಕಂತೆ, ಎರಡು ಬಿಸಿ ಹಾಕು!"