ವಿಳಾಸವಿಲ್ಲದ ದೀಪಗಳ ಸಾಲು

‘ಅಡ್ರೆಸ್ಸಬಲ್’ ಎಲ್‌ಇಡಿ ಪಟ್ಟಿ, ಅಂದರೆ ದೀಪದೀಪಕ್ಕೂ ಬೇರೆ ಬಣ್ಣ ಕೊಡಬಹುದಾದ ಪಟ್ಟಿ, ಎಂದ ಕೂಡಲೇ ಪ್ರತಿ ದೀಪಕ್ಕೂ ಮನೆ ನಂಬರಿನ ಹಾಗೆ ಒಂದು ವಿಳಾಸ ಇದೆ ಎಂದುಕೊಳ್ಳುವವರೇ ಹೆಚ್ಚು. ಹೆಸರೇ ದಾರಿ ತಪ್ಪಿಸುತ್ತದೆ. ಇಂಥ ಪಟ್ಟಿಗಳಲ್ಲಿ ಬಳಸುವ ಡಬ್ಲ್ಯುಎಸ್2812ಬಿ ಎಂಬ ದೀಪದೊಳಗೆ ವಿಳಾಸವಿಲ್ಲ, ಸರದಿ ಮಾತ್ರ.

ತೀರ್ಥಹಳ್ಳಿ ಕಡೆಯ ಮದುವೆ ಮನೆಯ ಪಂಕ್ತಿ ನೆನೆಸಿಕೊಳ್ಳಿ. ಬಾಳೆಲೆಯ ಕಟ್ಟು ಕೈಗೆ ಬಂದವರು ಒಂದೆಲೆ ಇಟ್ಟುಕೊಂಡು ಉಳಿದದ್ದನ್ನು ಪಕ್ಕಕ್ಕೆ ದಾಟಿಸುತ್ತಾರೆ. ಇಲ್ಲಿ ಎಲೆಯೆಂದರೆ 24 ಬಿಟ್: ಹಸಿರು, ಕೆಂಪು, ನೀಲಿಗೆ ಎಂಟೆಂಟು, ಇದೇ ಕ್ರಮದಲ್ಲಿ. ತಂತಿ 300 ಮೈಕ್ರೋಸೆಕೆಂಡ್ ಸುಮ್ಮನಾದರೆ ಗೋವಿಂದ ಕೂಗಿದಂತೆ. ಎಲ್ಲ ದೀಪಗಳೂ ಒಟ್ಟಿಗೆ ಬಣ್ಣ ಬದಲಿಸುತ್ತವೆ. ನಡುವೆ ಒಂದು ಸತ್ತರೆ ಅದರಾಚೆಯವರಿಗೆ ಎಲೆಯೇ ಇಲ್ಲ.

ಸೊನ್ನೆ, ಒಂದು ಎರಡಕ್ಕೂ ತಂತಿಯಲ್ಲಿ ವೋಲ್ಟೇಜ್ ಏರುತ್ತದೆ. ಎಷ್ಟು ಹೊತ್ತು ಏರಿರುತ್ತದೆ ಎಂಬುದರಲ್ಲೇ ಅರ್ಥ. 1.25 ಮೈಕ್ರೋಸೆಕೆಂಡಿನ ಒಂದು ಬಿಟ್‌ನಲ್ಲಿ 0.4 ಮೈಕ್ರೋಸೆಕೆಂಡ್ ಏರಿದ್ದರೆ ಸೊನ್ನೆ, 0.8 ಮೈಕ್ರೋಸೆಕೆಂಡ್ ಏರಿದ್ದರೆ ಒಂದು. ನಮ್ಮ ಛಂದಸ್ಸಿನ ಲಘು ಗುರುಗಳೇ ಸರಿ, ಒಂದು ಮಾತ್ರೆ ಮತ್ತು ಎರಡು! ಪಟ್ಟಿಗೆ ಬಿಟ್ ಕಳಿಸುವುದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಆದರೆ, ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶ ಈ ತಾಳ ಹಿಡಿಯಲಾರದು, ನಡುವೆ ಬೇರೆ ಕೆಲಸಕ್ಕೆ ಏಳುತ್ತದೆ. ಹಾಗಾಗಿ ಪೈಯೊಳಗೇ ಇರುವ, ತಾಳ ತಪ್ಪದೆ ಬಿಟ್ ಸಾಗಿಸುವ ಎಸ್‌ಪಿಐ ಹಾರ್ಡ್‌ವೇರಿಗೆ ಒಪ್ಪಿಸಿ: 2.4 ಮೆಗಾಹರ್ಟ್ಸ್ ವೇಗ, ದೀಪದ ಒಂದು ಬಿಟ್‌ಗೆ ಎಸ್‌ಪಿಐನ ಮೂರು, ಸೊನ್ನೆಗೆ 100, ಒಂದಕ್ಕೆ 110. ದೀಪವೊಂದಕ್ಕೆ 9 ಬೈಟ್ ಆಯಿತು. ಡೇಟಾ ಹೊರಡುವುದು ಪೈನ 19ನೇ ಪಿನ್ನಿನಿಂದ.

ಮೊದಲ ದೀಪವೇ ಹುಚ್ಚುಹುಚ್ಚಾಗಿ ಮಿನುಗಿದರೆ ಪಟ್ಟಿಯನ್ನು ಬೈಯಬೇಡಿ. ದೀಪದೊಳಗಿನ 5 ವೋಲ್ಟ್‌ನ ಚಿಪ್‌ಗೆ ಸಂಕೇತ 3.5 ವೋಲ್ಟ್ ದಾಟಬೇಕು, ಪೈ ಕೊಡುವುದು 3.3. ನಡುವೆ ಸಂಕೇತವನ್ನು 5 ವೋಲ್ಟ್‌ಗೆ ಏರಿಸುವ 74ಎಎಚ್‌ಸಿಟಿ125 ಚಿಪ್ ಹಾಕಿ, ಡೇಟಾ ತಂತಿಗೆ 330 ಓಮ್ ರೆಸಿಸ್ಟರ್, ಪವರ್ ತಂತಿಗಳ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ಪೈ ಮತ್ತು ಪವರ್ ಸಪ್ಲೈನ ಗ್ರೌಂಡ್ (ಮೈನಸ್ ತಂತಿ) ಸೇರಿರಲೇಬೇಕು.

ಪೂರ್ತಿ ಬಿಳಿಯಲ್ಲಿ ದೀಪವೊಂದಕ್ಕೆ ಸುಮಾರು 60 ಮಿಲಿಆಂಪ್. ಮೀಟರಿಗೆ 60 ದೀಪವಿದ್ದರೆ 3.6 ಆಂಪ್. ಉದ್ದ ಪಟ್ಟಿಯಲ್ಲಿ ವೋಲ್ಟೇಜ್ ಕುಸಿದು ತುದಿಯ ಬಿಳಿ ಹಳದಿಗೆ, ಆಮೇಲೆ ಕೆಂಪಿಗೆ ತಿರುಗುತ್ತದೆ. ಕೆಂಪಿಗೆ 2 ವೋಲ್ಟ್ ಸಾಕು, ನೀಲಿಗೆ 3ರಷ್ಟು ಬೇಕು. ಈ ನೀಲಿ ಎಂದೂ ಸುಲಭದ್ದಲ್ಲ: ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು, ಪ್ರಖರ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಸಂದಿತು. ಬಿಳಿ ಹೀಗೆ ಕೆಂಪಾಗದಿರಲು ಪವರನ್ನು ಪಟ್ಟಿಯ ಎರಡೂ ತುದಿಯಿಂದ ಕೊಡಿ.

ಆಗುಂಬೆಯ ಮಳೆಗಾಲಕ್ಕೆ ಇನ್ನೊಂದು ಮಾತು. ಪಟ್ಟಿ ಕತ್ತರಿಸಿದ ಕಡೆ ತಾಮ್ರ ಹಸಿರುಗಟ್ಟುತ್ತದೆಂದು ಸಿಲಿಕೋನ್ ಮೆತ್ತುವುದುಂಟು. ವಿನಿಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲವೇ ತಾಮ್ರ ತಿನ್ನುತ್ತದೆ. ‘ನ್ಯೂಟ್ರಲ್ ಕ್ಯೂರ್’ ಎಂದು ಕೇಳಿ ತನ್ನಿ; ಬೆಸುಗೆ ಹಾಕಿದ ಜಾಗವನ್ನು ಚೆನ್ನಾಗಿ ಒಣಗಿಸಿದ ಮೇಲೆಯೇ ಮೆತ್ತಿ.