ವಿರೋಧ ಪಕ್ಷದ ಸಾಲಿನಿಂದ ಮನೆ ಕೇಳುವ ಬಗೆ

ಜನಪ್ರತಿನಿಧಿಗಳಿಗೆ ಸದನದ ಪ್ರಶ್ನೆ, ಗೊತ್ತುವಳಿ, ಖಾಸಗಿ ಮಸೂದೆಗಳ (ಸಚಿವರಲ್ಲದ ಸದಸ್ಯರು ತರುವ ಮಸೂದೆಗಳ) ಕರಡು ಸಿದ್ಧಪಡಿಸಿಕೊಡುವ ಕೆಲಸದಲ್ಲಿರುವ ನನ್ನಂಥವರಿಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ. ಬೊಕ್ಕಸದ ಮೇಲೆ ಹಿಡಿತವಿಲ್ಲದ, ಅಧಿಕಾರಿಗಳಿಗೆ ಆದೇಶ ನೀಡುವ ಹಕ್ಕಿಲ್ಲದ ವಿರೋಧ ಪಕ್ಷದ ಸದಸ್ಯರೊಬ್ಬರು ನಿರ್ಗತಿಕರ ಪರವಾಗಿ ಸದನದಲ್ಲಿ ಎಷ್ಟೇ ಮಾತನಾಡಿದರೂ ಅದರಿಂದ ಒಂದು ಮನೆಯಾದರೂ ಮೇಲೇಳುತ್ತದೆಯೆ ಎಂಬುದು ಆ ಪ್ರಶ್ನೆ. ಮೇಲೇಳುತ್ತದೆ ಎಂಬುದು ನನ್ನ ಉತ್ತರ. ಆದರೆ ಆಡಿದ ಮಾತು ಸರ್ಕಾರ ಉತ್ತರಿಸಲೇಬೇಕಾದ ಲಿಖಿತ ದಾಖಲೆಯಾಗಿ ಬದಲಾಗಬೇಕು, ಮತ್ತು ಅದೇ ದಾಖಲೆಯನ್ನು ವರ್ಷಗಟ್ಟಲೆ ಬಿಡದೆ ಹಿಂಬಾಲಿಸುವವರೊಬ್ಬರು ಇರಬೇಕು. ಇದನ್ನು ವಿವರಿಸಲು ನಾನು ಹೆಚ್ಚಾಗಿ ಆರಿಸಿಕೊಳ್ಳುವುದು ಕೆನಡಾದ ಉದಾಹರಣೆಯನ್ನು. ಅಲ್ಲಿನ ಸಂಸತ್ತೂ ನಮ್ಮದೂ ಒಂದೇ ಬ್ರಿಟಿಷ್ ಪದ್ಧತಿಯಿಂದ ಬಂದವು. ಅಲ್ಲಿನ ನ್ಯೂ ಡೆಮಾಕ್ರಟಿಕ್ ಪಕ್ಷವು (ಎನ್‌ಡಿಪಿ) ಕೇಂದ್ರದಲ್ಲಿ ಎಂದೂ ಅಧಿಕಾರಕ್ಕೆ ಬರದಿದ್ದರೂ, ಮೂಲನಿವಾಸಿಗಳ ಹಕ್ಕು ಮತ್ತು ವಸತಿಯ ವಿಷಯದಲ್ಲಿ ಅದರ ಕೆಲವು ಸಂಸದರು ಮಾಡಿದ ಕೆಲಸದ ಜಾಡು ಸದನದ ಕಡತಗಳಲ್ಲಿ ಸ್ಪಷ್ಟವಾಗಿ ಉಳಿದಿದೆ.

ಒಂಟಾರಿಯೊ ಪ್ರಾಂತದ ಉತ್ತರ ಭಾಗದಲ್ಲಿ, ಜೇಮ್ಸ್ ಕೊಲ್ಲಿಯ ದಡದಲ್ಲಿ ಅಟ್ಟವಾಪಿಸ್ಕಾಟ್ ಎಂಬ ಊರಿದೆ. ಅಲ್ಲಿರುವವರು ಸುಮಾರು ಎರಡು ಸಾವಿರ ಮಂದಿ ಕ್ರೀ ಎಂಬ ಮೂಲನಿವಾಸಿ ಸಮುದಾಯದವರು. ವರ್ಷವಿಡೀ ತೆರೆದಿರುವ ರಸ್ತೆ ಆ ಊರಿಗಿಲ್ಲ. ಚಳಿಗಾಲದಲ್ಲಿ ನೆಲ ಮತ್ತು ನದಿಗಳು ಹೆಪ್ಪುಗಟ್ಟಿದಾಗ ಸಿದ್ಧವಾಗುವ ಹಿಮದ ರಸ್ತೆಯಲ್ಲಿ ಕೆಲವು ವಾರ ಲಾರಿಗಳು ಓಡುತ್ತವೆ; ಉಳಿದ ಕಾಲದಲ್ಲಿ ವಿಮಾನ ಅಥವಾ ಬೇಸಿಗೆಯ ದೋಣಿಯೇ ಗತಿ. ಮರ, ಸಿಮೆಂಟು, ಮೊಳೆ ಎಲ್ಲವೂ ಹೀಗೆಯೇ ಬರಬೇಕಾದ ಕಾರಣ ಅಲ್ಲಿ ಮನೆ ಕಟ್ಟುವ ಖರ್ಚು ದಕ್ಷಿಣದ ನಗರಗಳಿಗಿಂತ ಬಹಳ ಹೆಚ್ಚು, ಕಟ್ಟಬಹುದಾದ ತಿಂಗಳುಗಳು ಬಹಳ ಕಡಿಮೆ. ಇದಕ್ಕಿಂತ ದೊಡ್ಡ ತೊಡಕು ಕಾನೂನಿನದು. 1876ರಲ್ಲಿ ಮೊದಲು ಜಾರಿಗೆ ಬಂದ ಇಂಡಿಯನ್ ಆಕ್ಟ್ ಪ್ರಕಾರ ಮೂಲನಿವಾಸಿಗಳಿಗೆ ಮೀಸಲಾಗಿ ರಿಸರ್ವ್ ಎಂದು ಗುರುತಿಸಲಾದ ಪ್ರದೇಶದ ಭೂಮಿಯ ಒಡೆತನ ರಾಜಸತ್ತೆಯ ಹೆಸರಿನಲ್ಲಿದೆ. ಅಲ್ಲಿನ ನಿವಾಸಿ ತಾನಿರುವ ಜಾಗವನ್ನು ಹೊರಗಿನ ಬ್ಯಾಂಕಿಗೆ ಸುಲಭವಾಗಿ ಅಡವಿಟ್ಟು ಸಾಲ ಪಡೆಯಲಾರ. ಆದ್ದರಿಂದ ಅಲ್ಲಿ ಮನೆ ಎಂಬುದು ಬಹುಮಟ್ಟಿಗೆ ಕೇಂದ್ರ ಸರ್ಕಾರದ ಅನುದಾನ ಮತ್ತು ಸಚಿವರ ಸಾಲಖಾತರಿಯನ್ನೇ ನೆಚ್ಚಿಕೊಂಡಿದೆ. ಈ ಅನುದಾನದ ವಾರ್ಷಿಕ ಏರಿಕೆಗೆ 1990ರ ದಶಕದ ನಡುಭಾಗದಿಂದ ಶೇ 2ರ ಮಿತಿಯನ್ನು ಹಾಕಲಾಗಿತ್ತು. ಜನಸಂಖ್ಯೆಯೂ ಬೆಲೆಗಳೂ ಅದಕ್ಕಿಂತ ವೇಗವಾಗಿ ಏರುತ್ತಿದ್ದವು. ಒಂದೊಂದು ಮನೆಯಲ್ಲಿ ಮೂರು ತಲೆಮಾರಿನವರು ಒತ್ತೊತ್ತಾಗಿ ಬದುಕುವುದು, ಗಾಳಿಯಾಡದ ಗೋಡೆಗಳಲ್ಲಿ ಬೂಷ್ಟು ಹಿಡಿಯುವುದು, ಮಕ್ಕಳಿಗೆ ಉಸಿರಾಟದ ಕಾಯಿಲೆ ಅಂಟಿಕೊಳ್ಳುವುದು, ಇವೆಲ್ಲ ಈ ಲೆಕ್ಕಾಚಾರದಿಂದ ಹುಟ್ಟಿದವೇ ಹೊರತು ಪ್ರಕೃತಿ ತಂದಿತ್ತ ವಿಕೋಪಗಳಲ್ಲ.

2011ರ ಅಕ್ಟೋಬರ್ ಕೊನೆಯಲ್ಲಿ ಊರಿನ ಮುಖ್ಯಸ್ಥೆ ಥೆರೇಸಾ ಸ್ಪೆನ್ಸ್ ವಸತಿಯ ತುರ್ತು ಪರಿಸ್ಥಿತಿಯನ್ನು ಘೋಷಿಸಿದರು. ಕುಟುಂಬಗಳು ಡೇರೆಗಳಲ್ಲಿ, ನೀರಿನ ಸಂಪರ್ಕವಿಲ್ಲದ ಶೆಡ್ಡುಗಳಲ್ಲಿ ಚಳಿಗಾಲವನ್ನು ಎದುರಿಸಬೇಕಾಗಿತ್ತು. ಹತ್ತಿರದ ವಜ್ರದ ಗಣಿಯ ಕಂಪನಿ ಕೊಟ್ಟಿದ್ದ ಕಾರ್ಮಿಕರ ತಾತ್ಕಾಲಿಕ ವಸತಿಯಲ್ಲಿ ಸುಮಾರು 90 ಮಂದಿ ಕೆಲವೇ ಶೌಚಾಲಯಗಳನ್ನು ಹಂಚಿಕೊಂಡು ಬದುಕುತ್ತಿದ್ದರು. ಘೋಷಣೆಯ ನಂತರ ಕೆಲವು ವಾರ ರಾಜಧಾನಿ ಒಟ್ಟಾವಾದಿಂದ ಹೇಳಿಕೊಳ್ಳುವಂಥ ಪ್ರತಿಕ್ರಿಯೆ ಬರಲಿಲ್ಲ. ಆ ಭಾಗದ ಎನ್‌ಡಿಪಿ ಸಂಸದ ಚಾರ್ಲಿ ಆಂಗಸ್ ನವೆಂಬರ್‌ನಲ್ಲಿ ಅಲ್ಲಿಗೆ ಹೋಗಿ, ಡೇರೆಗಳ ಒಳಗನ್ನು ವಿಡಿಯೊದಲ್ಲಿ ದಾಖಲಿಸಿ, ಕಂಡದ್ದನ್ನು ಬರೆದು ಪ್ರಕಟಿಸಿದ ಮೇಲೆಯೇ ದೇಶದ ಗಮನ ಅತ್ತ ತಿರುಗಿತು. ತಿಂಗಳ ಕೊನೆಯ ಹೊತ್ತಿಗೆ ರೆಡ್ ಕ್ರಾಸ್ ಸಂಸ್ಥೆ ಹೀಟರು, ಹೊದಿಕೆಗಳೊಂದಿಗೆ ಅಲ್ಲಿಗೆ ತಲುಪಿತು. ಜಗತ್ತಿನ ಅತ್ಯಂತ ಶ್ರೀಮಂತ ದೇಶಗಳಲ್ಲೊಂದರ ಒಳಗೇ ನಡೆದ ಮಾನವೀಯ ಪರಿಹಾರ ಕಾರ್ಯಾಚರಣೆ ಇದು.

ಇಲ್ಲಿಂದ ಮುಂದೆ ನಡೆದದ್ದನ್ನು ನಮ್ಮ ವೃತ್ತಿಗೆ ಬರುವ ಯುವಕರು ಗಮನವಿಟ್ಟು ಓದಬೇಕು. ಪ್ರಧಾನಿ ಸ್ಟೀಫನ್ ಹಾರ್ಪರ್ ಸದನದಲ್ಲಿ, ತಮ್ಮ ಸರ್ಕಾರ ಅಧಿಕಾರಕ್ಕೆ ಬಂದಂದಿನಿಂದ ಅಟ್ಟವಾಪಿಸ್ಕಾಟ್ ಒಂದಕ್ಕೇ ಸುಮಾರು 9 ಕೋಟಿ ಡಾಲರ್ ಖರ್ಚು ಮಾಡಿದೆ ಎಂದರು. ಅಷ್ಟು ಹಣ ಎಲ್ಲಿ ಹೋಯಿತು ಎಂಬ ಅನುಮಾನ ಆ ಒಂದೇ ಅಂಕಿಯಿಂದ ಇಡೀ ದೇಶದಲ್ಲಿ ಹರಡಿತು. ಆದರೆ ಅದು ಐದಕ್ಕೂ ಹೆಚ್ಚು ವರ್ಷಗಳ ಒಟ್ಟು ಮೊತ್ತ. ಶಾಲೆ, ಶಿಕ್ಷಕರ ಸಂಬಳ, ಸಾಮಾಜಿಕ ನೆರವು, ನೀರು ಸರಬರಾಜು, ಆಡಳಿತ ವೆಚ್ಚಗಳೆಲ್ಲ ಅದರಲ್ಲಿ ಸೇರಿದ್ದವು. ಬೇರೆ ಕಡೆ ಪ್ರಾಂತ ಸರ್ಕಾರ, ನಗರಸಭೆ, ಶಿಕ್ಷಣ ಮಂಡಳಿಗಳು ಹಂಚಿಕೊಳ್ಳುವ ಖರ್ಚುಗಳು ರಿಸರ್ವ್‌ನಲ್ಲಿ ಒಂದೇ ಬಾಬಿನಲ್ಲಿ ಬೀಳುತ್ತವೆ, ಹಾಗಾಗಿ ಅಲ್ಲಿನ ಮೊತ್ತ ದೊಡ್ಡದಾಗಿ ಕಾಣುತ್ತದೆ. ಮನೆಗಳಿಗೆ ಮೀಸಲಾದದ್ದು ಅದರ ಸಣ್ಣ ಪಾಲು. ವಿರೋಧ ಪಕ್ಷದ ಸದಸ್ಯರು ಭಾವುಕರಾಗಿ ಮಾತನಾಡಿ ಕುಳಿತುಬಿಟ್ಟರೆ ಆಡಳಿತ ಪಕ್ಷ ಎಸೆಯುವ ಇಂಥ ಒಂದು ಸಗಟು ಅಂಕಿಯೇ ಅವರ ಬಾಯಿ ಕಟ್ಟಿಸಬಲ್ಲದು. ಆ ಅಂಕಿಯನ್ನು ವರ್ಷವಾರು, ಬಾಬುವಾರು ಬಿಡಿಸಿ ತೋರಿಸುವಂತೆ ಲಿಖಿತ ಪ್ರಶ್ನೆ ಕೇಳುವುದೇ ಸರಿಯಾದ ಪ್ರತ್ಯುತ್ತರ.

ಸರ್ಕಾರವು ಊರಿನ ಹಣಕಾಸನ್ನು ಹೊರಗಿನ ಆಡಳಿತಗಾರನ ಕೈಗೊಪ್ಪಿಸಿತು. 2012ರ ಆಗಸ್ಟ್ 1ರಂದು ಫೆಡರಲ್ ನ್ಯಾಯಾಲಯವು ಆ ನೇಮಕಕ್ಕೆ ಸೂಕ್ತ ಆಧಾರವಿರಲಿಲ್ಲವೆಂದೂ, ಅಧಿಕಾರಿಗಳು ಸಮಸ್ಯೆಯ ಸ್ವರೂಪವನ್ನೇ ತಪ್ಪಾಗಿ ಗ್ರಹಿಸಿದ್ದರೆಂದೂ ತೀರ್ಪು ನೀಡಿತು. ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಮರುವರ್ಷ ಹೊರಬಂದ ಲೆಕ್ಕಪರಿಶೋಧನೆಯಲ್ಲಿ, ಪರಿಶೀಲಿಸಿದ ವ್ಯವಹಾರಗಳ ಪೈಕಿ ಶೇ 80ಕ್ಕೂ ಹೆಚ್ಚಿನವುಗಳಿಗೆ ಸಮರ್ಪಕ ದಾಖಲೆಗಳಿರಲಿಲ್ಲ ಎಂಬುದು ಬಯಲಾಯಿತು. ಜನರ ಪರವಾಗಿ ನಿಲ್ಲುವ ಸಂಸದರು ಇಂಥ ವರದಿಗೆ ಮೊದಲೇ ಸಿದ್ಧರಿರಬೇಕು. ಸ್ಥಳೀಯ ಲೆಕ್ಕಪತ್ರದ ದೋಷವನ್ನು ಒಪ್ಪಿಕೊಳ್ಳುತ್ತಲೇ, ಆ ದೋಷದಿಂದ ಮಗುವಿನ ಸೂರಿನ ಹಕ್ಕು ಕಡಿಮೆಯಾಗುವುದಿಲ್ಲ ಎಂದು ವಾದಿಸುವ ಎದೆಗಾರಿಕೆ ಬೇಕು. ಕೊನೆಗೆ 22 ಸಿದ್ಧ ಮನೆಗಳು ಹಿಮದ ರಸ್ತೆಯಲ್ಲಿ ಆ ಊರಿಗೆ ಬಂದವು. ಅಗತ್ಯಕ್ಕೆ ಹೋಲಿಸಿದರೆ ಬಹಳ ಕಡಿಮೆ. ಆದರೂ 22 ಕುಟುಂಬಗಳಿಗೆ ಅವು ಮನೆಗಳೇ.

ಅದೇ ಊರಿನ ಶಾಲೆಯ ಕಥೆ ಇನ್ನೂ ದೀರ್ಘವಾದದ್ದು. ನೆಲದಡಿಯ ಕೊಳವೆಯಿಂದ ಡೀಸೆಲ್ ಸೋರಿ ಮಣ್ಣು ಕೆಟ್ಟಿದ್ದ ಕಾರಣ ಅಲ್ಲಿನ ಪ್ರಾಥಮಿಕ ಶಾಲೆಯನ್ನು 2000ದಲ್ಲಿ ಮುಚ್ಚಲಾಯಿತು. ಮಕ್ಕಳು ತಾತ್ಕಾಲಿಕ ಕೊಠಡಿಗಳಿಗೆ ಹೋದರು. 2008ರಲ್ಲಿ ಶಾನೆನ್ ಕೂಸ್ಟಾಚಿನ್ ಎಂಬ ವಿದ್ಯಾರ್ಥಿನಿ ಒಟ್ಟಾವಾಕ್ಕೆ ಹೋಗಿ ಸಚಿವರ ಮುಂದೆ ಹೊಸ ಶಾಲೆಗಾಗಿ ಕೇಳಿದಾಗ ಹಣವಿಲ್ಲ ಎಂಬ ಉತ್ತರ ಬಂತು. ಆಕೆ 2010ರಲ್ಲಿ, 15ನೆಯ ವಯಸ್ಸಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಳು. ಕ್ರೀಯಂಥ, ಫಸ್ಟ್ ನೇಷನ್ಸ್ ಎಂದು ಕರೆಯಲಾಗುವ ಮೂಲನಿವಾಸಿ ಸಮುದಾಯಗಳ ಎಲ್ಲ ಮಕ್ಕಳಿಗೂ ಸಮಾನ ಗುಣಮಟ್ಟದ ಶಿಕ್ಷಣ ಸಿಗಬೇಕೆಂದು ಆಂಗಸ್ ಆಕೆಯ ಹೆಸರಿನಲ್ಲಿ ಮಂಡಿಸಿದ ಗೊತ್ತುವಳಿ 2012ರ ಫೆಬ್ರವರಿ 27ರಂದು ಸರ್ವಾನುಮತದಿಂದ ಅಂಗೀಕಾರವಾಯಿತು. ಅಟ್ಟವಾಪಿಸ್ಕಾಟ್‌ನ ಹೊಸ ಶಾಲೆ 2014ರಲ್ಲಿ ತೆರೆಯಿತು. ಗೊತ್ತುವಳಿಯಿಂದಲೇ ಶಾಲೆ ಬಂತು ಎಂದು ಹೇಳುವುದು ಸರಿಯಲ್ಲ. ಆ ಶಾಲೆಯ ಭರವಸೆ ಅದಕ್ಕೂ ಮೊದಲೇ, 2009ರ ಕೊನೆಯಲ್ಲಿ ಮಕ್ಕಳ ಹೋರಾಟಕ್ಕೆ ಮಣಿದು ಬಂದಿತ್ತು. ಗೊತ್ತುವಳಿ ಮಾಡಿದ ಕೆಲಸ ಬೇರೆ: ಒಂದು ಊರಿನ ಬೇಡಿಕೆಯನ್ನು ಅದು ಇಡೀ ದೇಶದ ಮಕ್ಕಳ ಹಕ್ಕಿನ ಮಾತಾಗಿ ಸದನದ ದಾಖಲೆಗೆ ಸೇರಿಸಿತು.

ಈ ಸಾಧನಗಳ ಇತಿಮಿತಿಯನ್ನೂ ತಿಳಿದಿರಬೇಕು. ಪ್ರಶ್ನೋತ್ತರ ಕಲಾಪದಲ್ಲಿ ಅಲ್ಲಿ ಒಂದು ಪ್ರಶ್ನೆಗೆ ಸಿಗುವುದು ಸುಮಾರು 35 ಸೆಕೆಂಡು, ಉತ್ತರಕ್ಕೂ ಅಷ್ಟೇ. ಸಂಜೆಯ ಸುದ್ದಿಗೆ ಅದು ಸಾಕು, ಸತ್ಯ ಹೊರಬರಲು ಸಾಲದು. ಲಿಖಿತ ಪ್ರಶ್ನೆಗೆ 45 ದಿನಗಳೊಳಗೆ ಉತ್ತರ ಕೇಳಬಹುದು, ನನ್ನ ಅನುಭವದಲ್ಲಿ ಲಿಖಿತ ಪ್ರಶ್ನೆಯಷ್ಟು ಹರಿತವಾದ ಆಯುಧ ಬೇರೊಂದಿಲ್ಲ. ನಮ್ಮ ನಿಲುವಳಿ ಸೂಚನೆಯನ್ನು ಹೋಲುವ ತುರ್ತು ಚರ್ಚೆಗೆ ಸ್ಪೀಕರ್ ಅನುಮತಿ ಬೇಕು. ಅಟ್ಟವಾಪಿಸ್ಕಾಟ್‌ನಲ್ಲಿ ಒಂದೇ ದಿನ 11 ಮಂದಿ ಆತ್ಮಹತ್ಯೆಗೆ ಯತ್ನಿಸಿದ ನಂತರ, 2016ರ ಏಪ್ರಿಲ್ 12ರಂದು ಆಂಗಸ್ ಕೋರಿಕೆಯ ಮೇರೆಗೆ ಅಂಥ ಚರ್ಚೆ ನಡೆಯಿತು. ಇನ್ನು ಖಾಸಗಿ ಮಸೂದೆ. ಅದಕ್ಕೆ ಲಾಟರಿಯಲ್ಲಿ ಸರದಿ ಬರಬೇಕು, ಮತ್ತು ಅದು ಬೊಕ್ಕಸದಿಂದ ಹಣ ತೆಗೆಯುವಂತಿಲ್ಲ. ಕೆನಡಾದ 1867ರ ಸಂವಿಧಾನ ಕಾಯ್ದೆಯ 54ನೆಯ ವಿಧಿ ವೆಚ್ಚದ ಪ್ರಸ್ತಾವಕ್ಕೆ ಗವರ್ನರ್ ಜನರಲ್ ಶಿಫಾರಸನ್ನು ಕಡ್ಡಾಯಗೊಳಿಸುತ್ತದೆ. ನಮ್ಮ ಸಂವಿಧಾನದ 117ನೆಯ ವಿಧಿ ರಾಷ್ಟ್ರಪತಿಯ, 207ನೆಯ ವಿಧಿ ರಾಜ್ಯಪಾಲರ ಶಿಫಾರಸನ್ನು ಬೇಡುವುದೂ ಇದೇ ತತ್ತ್ವದ ಮೇಲೆ. ಬೆಂಗಳೂರಿನಲ್ಲಾಗಲಿ ಒಟ್ಟಾವಾದಲ್ಲಾಗಲಿ ವಿರೋಧ ಪಕ್ಷದ ಸದಸ್ಯರು ಮಸೂದೆಯಿಂದ ಮನೆ ಕಟ್ಟಿಸಲಾರರು.

ಸರ್ವಾನುಮತದ ಗೊತ್ತುವಳಿಯನ್ನು ಕಂಡಾಗ ನನಗೆ ಸಂತೋಷಕ್ಕಿಂತ ಎಚ್ಚರಿಕೆಯೇ ಹೆಚ್ಚು. ಮ್ಯಾನಿಟೋಬಾದ ಜಾರ್ಡನ್ ರಿವರ್ ಆಂಡರ್ಸನ್ ಎಂಬ ಕ್ರೀ ಮಗುವಿನ ಮನೆ ಆರೈಕೆಯ ಖರ್ಚನ್ನು ಕೇಂದ್ರ ಕೊಡಬೇಕೋ ಪ್ರಾಂತ ಕೊಡಬೇಕೋ ಎಂದು ಎರಡೂ ಸರ್ಕಾರಗಳು ವಾದಿಸುತ್ತಿರುವಾಗಲೇ, 2005ರಲ್ಲಿ ಐದನೆಯ ವಯಸ್ಸಿಗೆ ಆ ಮಗು ಆಸ್ಪತ್ರೆಯಲ್ಲೇ ತೀರಿಕೊಂಡಿತು. ಮೊದಲು ಮಗುವಿಗೆ ಸೇವೆ ಕೊಡಿ, ಖರ್ಚಿನ ಜಗಳ ಆಮೇಲೆ ಮಾಡಿ ಎಂಬ ತತ್ತ್ವವನ್ನು ಎನ್‌ಡಿಪಿ ಸಂಸದೆ ಜೀನ್ ಕ್ರೌಡರ್ 2007ರ ಡಿಸೆಂಬರ್‌ನಲ್ಲಿ ಗೊತ್ತುವಳಿಯಾಗಿ ತಂದರು, ಒಬ್ಬರೂ ವಿರೋಧಿಸಲಿಲ್ಲ. ಆದರೂ 2016ರ ಜನವರಿಯಲ್ಲಿ ಮಾನವ ಹಕ್ಕುಗಳ ನ್ಯಾಯಮಂಡಳಿ, ಸರ್ಕಾರ ಫಸ್ಟ್ ನೇಷನ್ಸ್ ಮಕ್ಕಳ ವಿರುದ್ಧ ತಾರತಮ್ಯ ಎಸಗುತ್ತಿದೆ ಮತ್ತು ಆ ತತ್ತ್ವವನ್ನು ತೀರ ಸಂಕುಚಿತವಾಗಿ ಅನ್ವಯಿಸುತ್ತಿದೆ ಎಂದು ಹೇಳಬೇಕಾಯಿತು. ಅದೇ ವರ್ಷದ ನವೆಂಬರ್ 1ರಂದು ಎನ್‌ಡಿಪಿ ತನಗೆ ಸಿಕ್ಕ ವಿರೋಧ ಪಕ್ಷದ ದಿನದಲ್ಲಿ (ಚರ್ಚೆಯ ವಿಷಯವನ್ನು ವಿರೋಧ ಪಕ್ಷವೇ ಆರಿಸುವ ದಿನ) ತಂದ ಗೊತ್ತುವಳಿ ನಿರ್ದಿಷ್ಟವಾಗಿತ್ತು: ಮಕ್ಕಳ ಕಲ್ಯಾಣದಲ್ಲಿನ 15.5 ಕೋಟಿ ಡಾಲರ್ ಕೊರತೆಯನ್ನು ತುಂಬಿರಿ, ನ್ಯಾಯಮಂಡಳಿಯ ಆದೇಶವನ್ನು ಪಾಲಿಸಿರಿ. ಮೊತ್ತ ಮತ್ತು ಆದೇಶ ಎರಡನ್ನೂ ಹೆಸರಿಸಿದ್ದರಿಂದ, ಮತ ಹಾಕಿದ ಮೇಲೆ ಸರ್ಕಾರಕ್ಕೆ ನುಣುಚಿಕೊಳ್ಳುವುದು ಕಷ್ಟವಾಯಿತು. ಇಷ್ಟಾದರೂ ವ್ಯಾಜ್ಯ ಮುಂದುವರಿಯಿತು. ಕೊನೆಗೆ 2023ರಲ್ಲಿ ಒಪ್ಪಿಗೆಯಾದ ಪರಿಹಾರದ ಮೊತ್ತ 2,300 ಕೋಟಿ ಡಾಲರ್ ದಾಟಿತು.

ಖಾಸಗಿ ಮಸೂದೆ ಸೋತೂ ಗೆಲ್ಲಬಹುದು ಎಂಬುದಕ್ಕೆ ರೋಮಿಯೊ ಸಗನಾಶ್ ಸಾಕ್ಷಿ. ಕ್ರೀ ಸಮುದಾಯದ ಅವರು ಬಾಲ್ಯದಲ್ಲಿ ಮನೆಯಿಂದ ದೂರದ ವಸತಿ ಶಾಲೆಗೆ ಸೇರಿಸಲ್ಪಟ್ಟವರು. ಮುಂದೆ ವಕೀಲರಾಗಿ, ಮೂಲನಿವಾಸಿಗಳ ಹಕ್ಕುಗಳ ವಿಶ್ವಸಂಸ್ಥೆಯ ಘೋಷಣೆಯ ಕರಡಿನ ಮಾತುಕತೆಗಳಲ್ಲಿ ಭಾಗವಹಿಸಿದವರು. 2007ರಲ್ಲಿ ಆ ಘೋಷಣೆಯ ವಿರುದ್ಧ ಮತ ಹಾಕಿದ ನಾಲ್ಕೇ ದೇಶಗಳಲ್ಲಿ ಕೆನಡಾ ಒಂದು. ದೇಶದ ಕಾನೂನುಗಳು ಆ ಘೋಷಣೆಗೆ ಹೊಂದುವಂತಿರಬೇಕೆಂಬ ಸಗನಾಶ್ ಮಸೂದೆ ಸಿ-262, 2018ರ ಮೇ 30ರಂದು 206-79 ಮತಗಳಿಂದ ಕೆಳಮನೆಯನ್ನು ದಾಟಿತು, ಆದರೆ ಸೆನೆಟ್‌ನಲ್ಲಿ ವಿಳಂಬಕ್ಕೆ ಸಿಕ್ಕಿ 2019ರಲ್ಲಿ ಬಿದ್ದುಹೋಯಿತು. ಅದನ್ನೇ ಆಧಾರವಾಗಿಟ್ಟುಕೊಂಡು ಸರ್ಕಾರ ತಂದ ಸಿ-15 ಮಸೂದೆ 2021ರ ಜೂನ್ 21ರಂದು ಕಾಯ್ದೆಯಾಯಿತು. ಆ ಹೊತ್ತಿಗೆ ಸಗನಾಶ್ ಸಂಸದರಾಗಿರಲಿಲ್ಲ. ಅವರ ಕರಡು ಎಚ್ಚರಿಕೆಯಿಂದ ಬರೆದದ್ದಾಗಿತ್ತು, ಆದ್ದರಿಂದಲೇ ಇನ್ನೊಬ್ಬರ ಕೈಗೆ ಹೋದ ಮೇಲೂ ಉಳಿಯಿತು.

ವಸತಿಯ ವಿಷಯಕ್ಕೆ ಮರಳಿದರೆ, ಉತ್ತರ ತುದಿಯ ನುನಾವುಟ್ ಪ್ರದೇಶದ ಮುಮಿಲಾಕ್ ಕಾಕಾಕ್ ಅವರ ಕೆಲಸ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. 2019ರಲ್ಲಿ, 25ನೆಯ ವಯಸ್ಸಿನಲ್ಲಿ ಆಯ್ಕೆಯಾದ, ಆರ್ಕ್ಟಿಕ್ ಪ್ರದೇಶದ ಮೂಲನಿವಾಸಿಗಳಾದ ಇನ್ಯೂಟ್ ಸಮುದಾಯದ ಈ ಎನ್‌ಡಿಪಿ ಸಂಸದೆ ಮರುವರ್ಷ ಊರೂರು ಸುತ್ತಿ, ಬೂಷ್ಟು ಹಿಡಿದ ಕೋಣೆಗಳನ್ನೂ ಒಂದೇ ಸೂರಿನಡಿ ತುಂಬಿಕೊಂಡ ಕುಟುಂಬಗಳನ್ನೂ ಕಂಡು, 2021ರ ಮಾರ್ಚ್‌ನಲ್ಲಿ ಚಿತ್ರಸಹಿತ ವರದಿಯನ್ನು ಪ್ರಕಟಿಸಿದರು. ಅದೇ ವರ್ಷದ ಜೂನ್‌ನಲ್ಲಿ, ಸಂಸತ್ ಭವನದ ಭದ್ರತಾ ಸಿಬ್ಬಂದಿಯಿಂದಲೇ ಅನುಮಾನದ ನೋಟಕ್ಕೆ ಗುರಿಯಾದದ್ದನ್ನೂ ಆ ಕಟ್ಟಡದಲ್ಲಿ ತಾನು ಪರಕೀಯಳೆಂಬ ಭಾವನೆ ಪದೇ ಪದೇ ಮೂಡಿದ್ದನ್ನೂ ಸದನದಲ್ಲಿ ಹೇಳಿ, ಮತ್ತೆ ಸ್ಪರ್ಧಿಸದೆ ಹೊರನಡೆದರು. ಯಾರ ನೋವನ್ನು ಸದನ ಕೇಳಬೇಕೋ ಅವರೇ ಅಲ್ಲಿ ಕುಳಿತಿರಲಾರದಂಥ ವಾತಾವರಣವಿದ್ದರೆ ಯಾವ ನಿಯಮಾವಳಿಯೂ ನೆರವಿಗೆ ಬಾರದು. ಇದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ದೇಶದ ಹೊರಗಿನ ಮಾನವೀಯ ಬಿಕ್ಕಟ್ಟುಗಳಿಗೂ ಇದೇ ಸಾಧನಗಳು ಬಳಕೆಯಾಗುತ್ತವೆ. ಗಾಜಾದ ಕುರಿತು ಎನ್‌ಡಿಪಿಯ ಹೆದರ್ ಮೆಕ್‌ಫರ್ಸನ್ ತಂದ ಗೊತ್ತುವಳಿ 2024ರ ಮಾರ್ಚ್ 18ರಂದು, ಕೊನೆಯ ಗಳಿಗೆಯ ತಿದ್ದುಪಡಿಗಳೊಂದಿಗೆ, 204-117 ಮತಗಳಿಂದ ಅಂಗೀಕಾರವಾಯಿತು. ತಿದ್ದುಪಡಿ ಅದರ ಧಾಟಿಯನ್ನು ಮೃದುಗೊಳಿಸಿತು, ಆದರೆ ಇಸ್ರೇಲ್‌ಗೆ ಶಸ್ತ್ರಾಸ್ತ್ರ ರಫ್ತಿಗೆ ಮುಂದೆ ಅನುಮತಿ ಕೊಡಬಾರದೆಂಬ ಸ್ಪಷ್ಟ ವಾಕ್ಯವೊಂದು ಉಳಿಯಿತು. ಸರ್ಕಾರವನ್ನು ಕಾನೂನಿನಿಂದ ಕಟ್ಟಿಹಾಕದಿದ್ದರೂ, ಮುಂದೆ ಪ್ರಶ್ನೆ ಕೇಳುವವರಿಗೆ ಆಧಾರವಾಗುವುದು ಅಂಥ ವಾಕ್ಯವೇ.

2025ರ ಏಪ್ರಿಲ್ ಚುನಾವಣೆಯಲ್ಲಿ ಎನ್‌ಡಿಪಿ ಏಳು ಸ್ಥಾನಗಳಿಗೆ ಕುಸಿಯಿತು. ಮಾನ್ಯತೆ ಪಡೆದ ಪಕ್ಷವಾಗಲು ಅಲ್ಲಿ 12 ಸದಸ್ಯರು ಬೇಕು. ಅದಿಲ್ಲದೆ ಸಮಿತಿಗಳಲ್ಲಿ ಪೂರ್ಣ ಸ್ಥಾನವಿಲ್ಲ, ಪ್ರಶ್ನೋತ್ತರದಲ್ಲಿ ನಿಗದಿತ ಪಾಲಿಲ್ಲ. ಆಂಗಸ್ ಆ ಚುನಾವಣೆಗೆ ನಿಲ್ಲಲಿಲ್ಲ. ಬಿಕ್ಕಟ್ಟು ಮಾತ್ರ ನಿಂತಿಲ್ಲ: 2024ರ ಮಾರ್ಚ್‌ನಲ್ಲಿ ಕೆನಡಾದ ಮಹಾಲೆಕ್ಕಪರಿಶೋಧಕರು, ಫಸ್ಟ್ ನೇಷನ್ಸ್ ಸಮುದಾಯಗಳ ವಸತಿ ಅಗತ್ಯದಲ್ಲಿ ಶೇ 80ರಷ್ಟು ಇನ್ನೂ ಪೂರೈಕೆಯಾಗಿಲ್ಲವೆಂದೂ, ಬೂಷ್ಟಿನ ಸಮಸ್ಯೆಗೆ ಇಲಾಖೆಯ ಬಳಿ ಕಾರ್ಯಯೋಜನೆಯೇ ಇಲ್ಲವೆಂದೂ ವರದಿ ಮಾಡಿದ್ದಾರೆ. 2019ರ ರಾಷ್ಟ್ರೀಯ ವಸತಿ ಕಾರ್ಯತಂತ್ರ ಕಾಯ್ದೆಯು ಸಮರ್ಪಕ ವಸತಿಯನ್ನು ಮೂಲಭೂತ ಮಾನವ ಹಕ್ಕೆಂದು ಈಗಾಗಲೇ ಒಪ್ಪಿದೆ. ಸ್ಥಾನ ಕಡಿಮೆಯಾದರೂ ಲಿಖಿತ ಪ್ರಶ್ನೆ ಕೇಳುವ ಹಕ್ಕು ಪ್ರತಿ ಸದಸ್ಯರಿಗೂ ಉಳಿದಿದೆ. ಆ ಪ್ರಶ್ನೆಯನ್ನು ಬರೆಯುವ ಕೆಲಸ ನನ್ನದಾಗಿದ್ದರೆ ಹೀಗೆ ಬರೆಯುತ್ತಿದ್ದೆ: ಬೂಷ್ಟು ಹಿಡಿದಿವೆಯೆಂದು ಇಲಾಖೆಯ ಗಮನಕ್ಕೆ ಬಂದಿರುವ ಮನೆಗಳು ಯಾವ ಯಾವ ಸಮುದಾಯದಲ್ಲಿ ಎಷ್ಟು, ಅವುಗಳಲ್ಲಿ ಎಷ್ಟನ್ನು ಯಾವ ವರ್ಷ ಪರಿಶೀಲಿಸಲಾಗಿದೆ, ದುರಸ್ತಿಗೆ ಮಂಜೂರಾದ ಮೊತ್ತವೆಷ್ಟು, ವೆಚ್ಚವಾದದ್ದೆಷ್ಟು, ಮತ್ತು ಉಳಿದ ಮನೆಗಳಿಗೆ ಸಾಮಗ್ರಿ ಸಾಗಿಸಲು ಮುಂದಿನ ಹಿಮದ ರಸ್ತೆ ತೆರೆಯುವ ಮೊದಲು ಹಣ ಬಿಡುಗಡೆಯಾಗುತ್ತದೆಯೆ?